ಮಗಳು ಬಿಎ ಸೇರ್ತೀನಿ ಅಂತಾಳೆ, ಸಮಾಜ ವಿಜ್ಞಾನ ಅಂದ್ರೆ ಏನು?

ಪ್ರಶ್ನೆ: ನನ್ನ ಮಗಳು ಈ ವರ್ಷ ಎರಡನೇ ಪಿಯುಸಿ ಮುಗಿಸಿದಳು. ಪಿಸಿಎಂಬಿ, ಅಂಕವೂ ಚೆನ್ನಾಗಿ ಬಂದಿದೆ. ಈಗ ಇಂಜಿನಿಯರಿಂಗ್ ಬೇಡ, ಬಿಎ ಸೇರಿ ಸಮಾಜ ವಿಜ್ಞಾನ ಓದ್ತೀನಿ ಅಂತಾಳೆ. ಅವಳ ಅಪ್ಪ, ದೊಡ್ಡಪ್ಪ ಇಬ್ಬರೂ 'ಅಂಕ ಬರದವರು ಆರ್ಟ್ಸ್ ತಗೊಳ್ಳೋದು' ಎಂದು ಬೈಯುತ್ತಿದ್ದಾರೆ. ನಾನು ಓದಿದ್ದು ಬಿಕಾಂ. ಸಮಾಜಶಾಸ್ತ್ರ, ಮಾನವಶಾಸ್ತ್ರ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಮನಃಶಾಸ್ತ್ರ, ಇವುಗಳಲ್ಲಿ ವ್ಯತ್ಯಾಸ ಏನು? ಇವು ನಿಜವಾಗಿ ವಿಜ್ಞಾನವೇ? ಅವಳು ಯಾವುದನ್ನು ಆರಿಸಿಕೊಳ್ಳಬೇಕು?
ಒಬ್ಬ ತಾಯಿ, ಬಸವೇಶ್ವರನಗರ, ಬೆಂಗಳೂರು

ಉತ್ತರ: ಜನ ಒಟ್ಟಿಗೆ ಹೇಗೆ ಬದುಕುತ್ತಾರೆ, ಯಾಕೆ ಹಾಗೆ ಬದುಕುತ್ತಾರೆ ಎಂಬುದನ್ನು ಪುರಾವೆ ಇಟ್ಟುಕೊಂಡು ತಿಳಿಯುವ ಕೆಲಸವೇ ಸಮಾಜ ವಿಜ್ಞಾನ. ಇಲ್ಲಿ ಮುಖ್ಯವಾದದ್ದು ಪುರಾವೆ. ಜನರ ಬಗ್ಗೆ ಅಭಿಪ್ರಾಯ ಯಾರಿಗಿಲ್ಲ ಹೇಳಿ? ನಿಮ್ಮ ಮನೆ ಹತ್ತಿರ ಆಟೋ ಹತ್ತಿದರೆ ಮೆಜೆಸ್ಟಿಕ್ ಬರುವಷ್ಟರಲ್ಲಿ ಚುನಾವಣೆ, ಜಾತಿ, ಮದುವೆ, ತರಕಾರಿ ಬೆಲೆ ಎಲ್ಲದರ ಬಗ್ಗೆಯೂ ತೀರ್ಪು ಸಿಗುತ್ತದೆ. ಅದರಲ್ಲಿ ಯಾವುದು ನಿಜ, ಯಾವುದು ಸುಮ್ನೆ ಮಾತು ಎಂದು ಪರೀಕ್ಷೆ ಮಾಡುವುದು ಹೇಗೆ? ಈ ಶಾಸ್ತ್ರಗಳು ಶುರುವಾಗುವುದೇ ಅಲ್ಲಿಂದ.

ಪಠ್ಯಪುಸ್ತಕಗಳು ವಿಷಯ ಹಂಚಿಕೊಡುತ್ತವೆ. ಮಾರುಕಟ್ಟೆ ಅರ್ಥಶಾಸ್ತ್ರಕ್ಕೆ, ಸರ್ಕಾರ ರಾಜ್ಯಶಾಸ್ತ್ರಕ್ಕೆ, ಮನಸ್ಸು ಮನಃಶಾಸ್ತ್ರಕ್ಕೆ, ಉಳಿದದ್ದೆಲ್ಲ ಸಮಾಜಶಾಸ್ತ್ರಕ್ಕೆ. ಪರೀಕ್ಷೆಗೆ ಇದು ಸಾಕು, ಆದರೆ ನಿಜದಲ್ಲಿ ನಿಲ್ಲುವುದಿಲ್ಲ. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಡ್ಯಾನಿಯಲ್ ಕಾನೆಮನ್ ಮನಃಶಾಸ್ತ್ರಜ್ಞ. ಕೆರೆ, ಕಾಡು, ಗೋಮಾಳದಂಥ ಊರೊಟ್ಟಿನ ಆಸ್ತಿಯನ್ನು ಜನರೇ ಕೂಡಿ ಹೇಗೆ ಕಾಪಾಡಿಕೊಳ್ಳುತ್ತಾರೆ ಎಂದು ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಮ್ ರಾಜ್ಯಶಾಸ್ತ್ರದವರು. 2009ರಲ್ಲಿ ಅವರಿಗೂ ಸಿಕ್ಕಿದ್ದು ಅರ್ಥಶಾಸ್ತ್ರದ ನೊಬೆಲ್. ಹಾಗಾಗಿ ವಿಷಯದ ಹೆಸರು ನೋಡಬೇಡಿ. ಒಂದೊಂದು ಶಾಸ್ತ್ರ ಯಾವ ಬಗೆಯ ಪುರಾವೆಯನ್ನು ನಂಬುತ್ತದೆ, ಅದನ್ನು ಹೇಗೆ ಕಲೆಹಾಕುತ್ತದೆ ಎಂದು ನೋಡಿ. ನನ್ನ ಪ್ರಕಾರ ವ್ಯತ್ಯಾಸ ಇರುವುದು ಅಲ್ಲಿ. ನಿಮ್ಮ ಮಗಳು ಆರಿಸಿಕೊಳ್ಳಬೇಕಾದ್ದೂ ಅದನ್ನೇ ನೋಡಿ.

ಮಂಡ್ಯದ ಒಂದು ಉದಾಹರಣೆ ಕೊಡುತ್ತೇನೆ. 1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಸಂಶೋಧಕಿ ಇಂಗ್ಲೆಂಡಿನಿಂದ ಅಲ್ಲಿಗೆ ಬಂದರು. ಹುಟ್ಟಿದ್ದು ವಿಯೆನ್ನಾದಲ್ಲಿ. ಹಿಟ್ಲರನ ಕಾಲದಲ್ಲಿ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದವರು. ಮೊದಲು ಓದಿದ್ದು ಅರ್ಥಶಾಸ್ತ್ರ, ಆಮೇಲೆ ಮಾನವಶಾಸ್ತ್ರ. ಮಂಡ್ಯದ ಸುತ್ತ ಎರಡು ಹಳ್ಳಿಗಳನ್ನು ಆರಿಸಿಕೊಂಡರು. ಅವರ ಪುಸ್ತಕದಲ್ಲಿ ಅವುಗಳ ಹೆಸರು ವಂಗಲ ಮತ್ತು ದಲೇನ. ವಂಗಲಕ್ಕೆ ವಿಶ್ವೇಶ್ವರಯ್ಯ (ವಿಸಿ) ನಾಲೆಯ ನೀರು ಆಗಲೇ ಬಂದಿತ್ತು. ದಲೇನ ನಾಲೆಗಿಂತ ಎತ್ತರದಲ್ಲಿತ್ತು, ನೀರು ಹತ್ತಲಿಲ್ಲ. ಒಂದೇ ಸೀಮೆ, ಒಂದೇ ಭಾಷೆ, ಎರಡೂ ಕಡೆ ಒಕ್ಕಲಿಗರೇ ಜಾಸ್ತಿ. ದೊಡ್ಡ ವ್ಯತ್ಯಾಸ ನೀರಿನದು.

ಈಗ ನೀವೇ ಊಹಿಸಿ. ಯಾವ ಹಳ್ಳಿ ಜಾಸ್ತಿ ಬದಲಾಯಿತು? ನೀರು ಬಂದ ಹಳ್ಳಿ ಅಲ್ವಾ? ವಂಗಲದಲ್ಲಿ ಕಬ್ಬು ಬಂತು, ಮಂಡ್ಯದ ಸಕ್ಕರೆ ಕಾರ್ಖಾನೆಯಿಂದ ದುಡ್ಡು ಬಂತು. ಆದರೆ ಜನ ಮೊದಲೂ ಬೇಸಾಯಗಾರರು, ಆಮೇಲೂ ಬೇಸಾಯಗಾರರು. ಗದ್ದೆ ಕೆಲಸ ಹೆಚ್ಚಿದ್ದರಿಂದ ಆಳುಗಳು ಇನ್ನೂ ಬೇಕಾದರು. ತಲೆಮಾರಿನಿಂದ ಬಂದಿದ್ದ ಒಡೆಯ ಮತ್ತು ಆಳಿನ ಸಂಬಂಧ, ವರ್ಷಕ್ಕೊಮ್ಮೆ ದವಸ ಕೊಡುವ ಪದ್ಧತಿ, ಊರ ಪಂಚಾಯ್ತಿಯಲ್ಲಿ ಹಳೆಯ ಮನೆತನಗಳ ಮಾತು, ಇವೆಲ್ಲ ಬಹುಪಾಲು ಹಾಗೆಯೇ ಉಳಿದವು.

ದಲೇನದವರಿಗೆ ನೀರಿಲ್ಲ. ಸುತ್ತಲಿನ ಹಳ್ಳಿಗಳು ಏಳಿಗೆಯಾಗುತ್ತಿವೆ. ಅವರು ಏನು ಮಾಡಬೇಕು? ಕೆಲವರು ಮಂಡ್ಯದಲ್ಲಿ ಕೆಲಸ ಹಿಡಿದರು. ಕೆಲವರು ಗಾಡಿ ಹೂಡಿದರು, ವ್ಯಾಪಾರಕ್ಕೆ ಇಳಿದರು. ಅನುಕೂಲವಿದ್ದವರು ಬೇರೆ ಊರಿನಲ್ಲಿ ನೀರಾವರಿ ಜಮೀನು ಕೊಂಡರು. ಹೊರಗೆ ದುಡಿದು ಬಂದವನಿಗೆ ಊರಿನ ಹಳೆಯ ಯಜಮಾನನ ಹಂಗು ಕಮ್ಮಿಯಾಯಿತು. ಹಳೆಯ ಆಳಿನ ಸಂಬಂಧ ಸಡಿಲವಾಯಿತು. ಮನೆತನಕ್ಕಿಂತ ದುಡ್ಡಿಗೆ, ಹೊರಗಿನ ಸಂಪರ್ಕಕ್ಕೆ ಬೆಲೆ ಬಂತು. ಒಟ್ಟಿನಲ್ಲಿ ಸಾಮಾಜಿಕವಾಗಿ ಜಾಸ್ತಿ ಬದಲಾದದ್ದು ನೀರು ಬಾರದ ಹಳ್ಳಿ.

ಇದು ಎಪ್‌ಸ್ಟೈನ್ ಅವರಿಗೆ ಗೊತ್ತಾದದ್ದು ಹೇಗೆ? ಮನೆಮನೆಯ ಆದಾಯ, ಖರ್ಚು, ಜಮೀನು ಎಲ್ಲದರ ಲೆಕ್ಕ ಬರೆದರು. ಅದು ಅರ್ಥಶಾಸ್ತ್ರದ ಕೆಲಸ. ಆ ಲೆಕ್ಕ ಒಂದನ್ನೇ ನೋಡಿದ್ದರೆ 'ಎರಡೂ ಹಳ್ಳಿಗೆ ದುಡ್ಡು ಬಂತು' ಎಂದು ಬರೆದು ಮುಗಿಸಬಹುದಿತ್ತು. ಯಾರ ಮನೆ ಮದುವೆಗೆ ಯಾರು ಯಾವ ಕೆಲಸ ಮಾಡುತ್ತಾರೆ, ಜಗಳ ಆದಾಗ ಯಾರ ಮಾತು ನಡೆಯುತ್ತದೆ, ಹಬ್ಬದಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ, ಇವು ಲೆಕ್ಕದ ಪುಸ್ತಕದಲ್ಲಿ ಸಿಗುವುದಿಲ್ಲ. ಅಲ್ಲೇ ಇದ್ದು ನೋಡಬೇಕು. ಅದು ಮಾನವಶಾಸ್ತ್ರದ ಕೆಲಸ. 1970ರಲ್ಲಿ ಅವರು ಮತ್ತೆ ಬಂದು ಅದೇ ಹಳ್ಳಿಗಳನ್ನು ನೋಡಿದರು. ಒಂದು ಸಲ ನೋಡಿದ್ದು ಚಿತ್ರ ಮಾತ್ರ, ಬದಲಾವಣೆ ಗೊತ್ತಾಗಬೇಕಾದರೆ ಇನ್ನೊಮ್ಮೆ ಹೋಗಲೇಬೇಕು.

'ಬರೀ ಎರಡು ಹಳ್ಳಿ ನೋಡಿ ಏನು ಹೇಳೋಕಾಗುತ್ತೆ?' ಎಂದು ನಿಮ್ಮ ಯಜಮಾನರು ಕೇಳಬಹುದು. ಒಳ್ಳೆಯ ಪ್ರಶ್ನೆ. ಇಡೀ ಕರ್ನಾಟಕದ ಬಗ್ಗೆ ಹೇಳಲು ಆಗುವುದಿಲ್ಲ. ಆದರೆ 'ನೀರಾವರಿ ಬಂದರೆ ಹಳೆಯ ವ್ಯವಸ್ಥೆ ತಾನಾಗಿ ಮುರಿಯುತ್ತದೆ' ಎನ್ನುವವರ ಮಾತಿಗೆ ತಡೆ ಹಾಕಲು ಎರಡು ಹಳ್ಳಿ ಸಾಕು.

ಸಮಾಜಶಾಸ್ತ್ರಕ್ಕೂ ಮಾನವಶಾಸ್ತ್ರಕ್ಕೂ ಏನು ವ್ಯತ್ಯಾಸ ಎಂದು ಕೇಳಿದ್ದೀರಿ. ಯುರೋಪಿನಲ್ಲಿ ಮೊದಲು ಅದು ಸುಲಭವಾಗಿತ್ತು. ತಮ್ಮದೇ ನಗರ, ಕಾರ್ಖಾನೆ, ಕುಟುಂಬಗಳನ್ನು ನೋಡಿದವರು ಸಮಾಜಶಾಸ್ತ್ರಜ್ಞರು. ಫ್ರಾನ್ಸಿನ ಎಮಿಲ್ ದುರ್ಖೈಮ್ 1897ರಲ್ಲಿ ಆತ್ಮಹತ್ಯೆಯ ಅಂಕಿಅಂಶಗಳನ್ನು ಜೋಡಿಸಿ ನೋಡಿದರು. ಮದುವೆಯಾದವರು, ಆಗದವರು, ಬೇರೆ ಬೇರೆ ಧರ್ಮದವರು ಎಂದು ಹೋಲಿಸಿ, ಅಷ್ಟು ಖಾಸಗಿ ಎನಿಸುವ ಸಾವಿಗೂ ಸಮಾಜದ ಕಾರಣ ಇರುತ್ತದೆ ಎಂದು ವಾದಿಸಿದರು. ದೂರದ ದ್ವೀಪಕ್ಕೋ ಕಾಡಿಗೋ ಹೋಗಿ, ಅಲ್ಲಿನ ಭಾಷೆ ಕಲಿತು, ವರ್ಷಗಟ್ಟಲೆ ಜೊತೆಗಿದ್ದು ಬರೆದವರು ಮಾನವಶಾಸ್ತ್ರಜ್ಞರು.

ನಮ್ಮಲ್ಲಿ ಈ ಗೋಡೆ ನಿಲ್ಲಲಿಲ್ಲ. ಅದಕ್ಕೆ ದೊಡ್ಡ ಕಾರಣ ಮೈಸೂರಿನ ಎಂ.ಎನ್. ಶ್ರೀನಿವಾಸ್. ಆಕ್ಸ್‌ಫರ್ಡಿನಲ್ಲಿ ಮಾನವಶಾಸ್ತ್ರದ ತರಬೇತಿ ಪಡೆದವರು 1948ರಲ್ಲಿ ಬಂದು ಕೂತಿದ್ದು ತಮ್ಮದೇ ಸೀಮೆಯ ಒಂದು ಹಳ್ಳಿಯಲ್ಲಿ. ಅದಕ್ಕೆ 'ರಾಂಪುರ' ಎಂದು ಬದಲಿ ಹೆಸರಿಟ್ಟರು. ಊರಿನವರ ಗುಟ್ಟು ಬಯಲಾಗಬಾರದು ಎಂದು ಹೀಗೆ ಹೆಸರು ಬದಲಿಸುವುದು ಈ ಶಾಸ್ತ್ರದಲ್ಲಿ ರೂಢಿ. 1970ರಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಕಿಡಿಗೇಡಿಗಳು ಕಟ್ಟಡಕ್ಕೆ ಬೆಂಕಿ ಹಚ್ಚಿದರು. ವರ್ಷಗಳಿಂದ ತಿದ್ದಿ ಜೋಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ಆಮೇಲೆ ಹೆಚ್ಚಾಗಿ ನೆನಪಿನಿಂದಲೇ ಆ ಹಳ್ಳಿಯ ಬಗ್ಗೆ ಬರೆದರು. 1976ರಲ್ಲಿ ಬಂದ ಆ ಪುಸ್ತಕ ಅವರ ಎಲ್ಲ ಬರಹಗಳಲ್ಲಿ ಜನ ಜಾಸ್ತಿ ಓದಿದ್ದು. ಕೆಳಗಿನ ಜಾತಿಗಳು ಮೇಲಿನವರ ಆಚಾರ ಹಿಡಿದು ಮೇಲೇರಲು ನೋಡುವುದನ್ನು 'ಸಂಸ್ಕೃತೀಕರಣ' ಎಂದು ಗುರುತಿಸಿದ್ದು ಅವರೇ. ಟಿವಿ ಚರ್ಚೆಯಲ್ಲಿ ದಿನಾ ಕೇಳುವ 'ಪ್ರಬಲ ಜಾತಿ', 'ವೋಟ್ ಬ್ಯಾಂಕ್' ಎರಡೂ ಅವರ ಹಳ್ಳಿ ಅಧ್ಯಯನದಿಂದ ಹೊರಟು ಬಂದವು. 1972ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು, 1999ರಲ್ಲಿ ಇಲ್ಲೇ ತೀರಿಕೊಂಡರು.

ಇನ್ನು ಅರ್ಥಶಾಸ್ತ್ರ. ಎಣಿಸುವುದು, ಅಳೆಯುವುದು, ಆ ಅಂಕಿಗಳ ಮೇಲೆ ಮಾದರಿ ಕಟ್ಟುವುದು ಇದರ ಬಲ. ಬ್ರಿಟಿಷರ ಕಾಲದಲ್ಲಿ ಭಾರತದ ಒಟ್ಟು ಆದಾಯ ಎಷ್ಟು ಎಂಬುದಕ್ಕೇ ನಂಬುವಂಥ ಲೆಕ್ಕ ಇರಲಿಲ್ಲ. ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1931–32ರ ರಾಷ್ಟ್ರೀಯ ಆದಾಯದ ಅಂದಾಜು ಮಾಡಿದರು. ಬೇಸಾಯದಂಥ ಕಡೆ ಎಷ್ಟು ಬೆಳೆಯಿತು ಎಂದು ಲೆಕ್ಕ ಹಾಕಿ, ಬೇರೆ ಕಸುಬುಗಳಲ್ಲಿ ಎಷ್ಟು ದುಡಿದರು ಎಂದು ನೋಡಿ, ಎರಡನ್ನೂ ಕೂಡಿಸಿದರು. ಶ್ರೀನಿವಾಸ್ ಅವರನ್ನು ಬೆಂಗಳೂರಿಗೆ ಕರೆತಂದಿದ್ದೂ ಇದೇ ರಾವ್. 1972ರಲ್ಲಿ ಅವರು ಇಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ ಕಟ್ಟಿದರು. ನಾಗರಬಾವಿಯಲ್ಲಿದೆ, ಬೋರ್ಡಿನ ಮೇಲೆ ಐಸೆಕ್ ಎಂದಿರುತ್ತದೆ. ನಿಮ್ಮ ಮನೆಗೆ ದೂರವೇನಲ್ಲ.

ಆದರೆ ಏನನ್ನು ಎಣಿಸಬೇಕು ಎಂಬುದೇ ಒಂದು ಜಗಳ. ಮೆಸ್ಸಿನಲ್ಲಿ ಮಾಡಿದ ಊಟ ದೇಶದ ಜಿಡಿಪಿಗೆ ಸೇರುತ್ತದೆ. ನೀವು ಮನೆಯಲ್ಲಿ ಮಾಡಿದ್ದು ಸೇರುವುದಿಲ್ಲ. ದೇಶದಲ್ಲಿ ಜನ ದಿನದ ಸಮಯವನ್ನು ಹೇಗೆ ಕಳೆಯುತ್ತಾರೆ ಎಂದು ಸರ್ಕಾರ 2019ರಲ್ಲಿ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಅದಕ್ಕೆ ಕೊಡುತ್ತಾರೆ ಎಂದು ಗೊತ್ತಾಯಿತು. ಈ ಅಂಕಿಯನ್ನು ಮಗಳ ಅಪ್ಪನಿಗೂ ದೊಡ್ಡಪ್ಪನಿಗೂ ತೋರಿಸಿ!

ರಾಜ್ಯಶಾಸ್ತ್ರ ಅಂದರೆ ಸಂವಿಧಾನದ ವಿಧಿಗಳನ್ನು ಬಾಯಿಪಾಠ ಮಾಡುವುದು ಎಂದು ನಮ್ಮ ಕಾಲೇಜುಗಳು ನಂಬಿಸಿಬಿಟ್ಟಿವೆ. ಅಧಿಕಾರ ಯಾರ ಕೈಗೆ ಹೋದರೆ ಏನಾಗುತ್ತದೆ ಎಂಬುದು ಅದರ ನಿಜವಾದ ಪ್ರಶ್ನೆ. ಕರ್ನಾಟಕ 1983ರ ಪಂಚಾಯತ್ ಕಾಯ್ದೆಯಲ್ಲಿ ಹೆಂಗಸರಿಗೆ ಶೇ 25 ಮೀಸಲು ಇಟ್ಟಿತು. 1987ರಲ್ಲಿ ಅದರಂತೆ ಚುನಾವಣೆಯೂ ಆಯಿತು. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಬಂದು ಇಡೀ ದೇಶಕ್ಕೆ ಮೂರರಲ್ಲಿ ಒಂದು ಪಾಲು ಮೀಸಲಾಯಿತು. 'ಹೆಸರಿಗೆ ಹೆಂಡತಿ, ಆಡಳಿತ ಗಂಡನದು' ಎಂದು ಆಗ ಎಲ್ಲ ಕಡೆ ನಗುತ್ತಿದ್ದರು. ಅದು ನಿಜವೇ? ಪರೀಕ್ಷಿಸಲು ಒಂದು ಅನುಕೂಲ ಸಿಕ್ಕಿತು. ಯಾವ ಪಂಚಾಯ್ತಿಗೆ ಮೀಸಲು ಎಂಬುದು ಸರದಿಯ ಮೇಲೆ ತೀರ್ಮಾನವಾಗುತ್ತದೆ, ಊರಿನವರು ಆರಿಸಿಕೊಳ್ಳುವುದಲ್ಲ. ಹಾಗಾಗಿ ಮೀಸಲು ಬಂದ ಊರನ್ನೂ ಬಾರದ ಊರನ್ನೂ ನ್ಯಾಯವಾಗಿ ಹೋಲಿಸಬಹುದು. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದಲ್ಲಿ ಅದನ್ನು ಮಾಡಿ 2004ರಲ್ಲಿ ಪ್ರಕಟಿಸಿದರು. ಹೆಂಗಸು ಅಧ್ಯಕ್ಷೆಯಾದ ಕಡೆ ಕುಡಿಯುವ ನೀರಿಗೆ ಹೆಚ್ಚು ಖರ್ಚಾಗಿತ್ತು. ರಸ್ತೆಗೆ ಬಂಗಾಳದಲ್ಲಿ ಹೆಚ್ಚು, ರಾಜಸ್ಥಾನದಲ್ಲಿ ಕಮ್ಮಿ. ಯಾಕೆ ಗೊತ್ತಾ? ಬಂಗಾಳದ ಹೆಂಗಸರು ರಸ್ತೆಯ ಬಗ್ಗೆಯೂ ದೂರುತ್ತಿದ್ದರು. ರಾಜಸ್ಥಾನದಲ್ಲಿ ರಸ್ತೆ ಬೇಕೆಂದು ಜಾಸ್ತಿ ಕೇಳುತ್ತಿದ್ದವರು ಗಂಡಸರು. ಅಂದರೆ ಅಧ್ಯಕ್ಷೆಯರು ಆಯಾ ಊರಿನ ಹೆಂಗಸರು ಕೇಳಿದ್ದನ್ನೇ ಮಾಡಿಸಿದ್ದರು. ಗಂಡನೇ ಆಡಳಿತ ಮಾಡುತ್ತಿದ್ದರೆ ಹೀಗಾಗುತ್ತಿರಲಿಲ್ಲ. ಪ್ರಶ್ನೆ ರಾಜ್ಯಶಾಸ್ತ್ರದ್ದು, ಉತ್ತರ ಹುಡುಕಲು ಅರ್ಥಶಾಸ್ತ್ರದವರೂ ಬಂದರು ನೋಡಿ.

ಮನಃಶಾಸ್ತ್ರ ಇವುಗಳಲ್ಲೆಲ್ಲ ಪ್ರಯೋಗಾಲಯಕ್ಕೆ ಹತ್ತಿರ. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಪ್ರಯೋಗಾಲಯ ತೆರೆದರು. 1924ರಲ್ಲೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ.ವಿ. ಗೋಪಾಲಸ್ವಾಮಿ ಮನಃಶಾಸ್ತ್ರ ವಿಭಾಗ ಶುರು ಮಾಡಿದರು. ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದು 'ಆಕಾಶವಾಣಿ' ಶುರು ಮಾಡಿದವರೂ ಇವರೇ. ಆದರೆ ಪ್ರಯೋಗ ಇದೆ ಅಂದಮಾತ್ರಕ್ಕೆ ಎಲ್ಲ ಗಟ್ಟಿ ಎಂದಲ್ಲ. 2015ರಲ್ಲಿ ಸಂಶೋಧಕರ ದೊಡ್ಡ ತಂಡವೊಂದು ಮನಃಶಾಸ್ತ್ರದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿತು. ಮೊದಲಿನಂತೆ ಸ್ಪಷ್ಟ ಫಲಿತಾಂಶ ಬಂದಿದ್ದು ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ವಾಟ್ಸ್‌ಆ್ಯಪ್‌ನಲ್ಲಿ ಬರುವ 'ಮನಃಶಾಸ್ತ್ರದ ಪ್ರಕಾರ' ಎಂಬ ಸಂದೇಶಗಳನ್ನು ನಂಬುವ ಮುಂಚೆ ಇದನ್ನು ನೆನಪಿಡಿ. ಇನ್ನೊಂದು ಮಾತು. ಬಿಎ ಮನಃಶಾಸ್ತ್ರ ಮುಗಿಸಿದರೆ ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಕೊಡಬಹುದು ಎಂದು ಅನೇಕ ಹೆತ್ತವರು ತಿಳಿದಿರುತ್ತಾರೆ. ಮನೋವೈದ್ಯರಾಗಲು ಎಂಬಿಬಿಎಸ್ ಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಸ್ನಾತಕೋತ್ತರ ಮಟ್ಟದ ಮಾನ್ಯತೆ ಪಡೆದ ತರಬೇತಿ, ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ನೋಂದಣಿ ಬೇಕು. ದಾರಿ ಉದ್ದವಿದೆ.

ಇತಿಹಾಸವನ್ನು ಕೆಲವರು ಸಮಾಜ ವಿಜ್ಞಾನದಲ್ಲಿ ಸೇರಿಸುತ್ತಾರೆ, ಕೆಲವರು ಸಾಹಿತ್ಯ, ತತ್ವಶಾಸ್ತ್ರಗಳ ಜೊತೆ ಇಡುತ್ತಾರೆ. ಎಲ್ಲಿಟ್ಟರೂ ಪುರಾವೆ ಬೇಕೇ ಬೇಕು. ಬಲ್ಲಾಳರಾಯನ ಬೆಂದಕಾಳಿನ ಕತೆ ಎಲ್ಲರಿಗೂ ಗೊತ್ತು. ಅವನಿಗಿಂತ ಶತಮಾನಗಳ ಮುಂಚಿನ, ಸುಮಾರು 9ನೇ ಶತಮಾನದ ಕೊನೆಯ ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರಿನ ಹೆಸರು ಆಗಲೇ ಇದೆ. ಇತಿಹಾಸಕಾರರು ಒಪ್ಪುವುದು ಕಲ್ಲಿನ ಮಾತು. ಭೂಗೋಳಶಾಸ್ತ್ರ, ಜನಸಂಖ್ಯಾಶಾಸ್ತ್ರ, ಭಾಷಾಶಾಸ್ತ್ರಗಳೂ ಈ ಕುಟುಂಬದವೇ. ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾತ್ರ ಬೇರೆ. ಅದು ಸಮಾಜಶಾಸ್ತ್ರ ಅಲ್ಲ, ಜನರ ಜೊತೆ ಕೆಲಸ ಮಾಡುವ ವೃತ್ತಿಯ ತರಬೇತಿ.

ಇವೆಲ್ಲ ವಿಜ್ಞಾನವೇ? ಭೌತಶಾಸ್ತ್ರದಂತೆ ಅಲ್ಲ. ಕಾರಣ ಒಂದು ಉದಾಹರಣೆಯಲ್ಲಿ ಗೊತ್ತಾಗುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಇದರಿಂದ ಕೆಲಸಕ್ಕೆ ಹೋಗುವ ಹೆಂಗಸರು ಹೆಚ್ಚಾದರೇ? ಬಸ್ಸಿನಲ್ಲಿ ಜನ ಕಂಡರೆ ಸಾಲದು. ಮೊದಲು ಆಟೋದಲ್ಲೋ ಖಾಸಗಿ ಬಸ್ಸಿನಲ್ಲೋ ಹೋಗುತ್ತಿದ್ದವರೇ ಇದಕ್ಕೆ ಬಂದಿರಬಹುದು. ಯೋಜನೆ ಬಾರದ ಇನ್ನೊಂದು ಕರ್ನಾಟಕ ಇದ್ದಿದ್ದರೆ ಹೋಲಿಸಬಹುದಿತ್ತು. ಇಲ್ಲ. ಪಕ್ಕದ ತಮಿಳುನಾಡಿಗೆ ಹೋಲಿಸೋಣ ಅಂದರೆ ಅಲ್ಲಿ 2021ರಲ್ಲೇ ಸಾಮಾನ್ಯ ಬಸ್ಸುಗಳಲ್ಲಿ ಇಂಥದ್ದೇ ಸೌಲಭ್ಯ ಬಂದಿದೆ. ಹಾಗಾದರೆ ಸರ್ಕಾರಿ ಬಸ್ಸು ಜಾಸ್ತಿ ಓಡಾಡುವ ತಾಲ್ಲೂಕುಗಳನ್ನು ಕಮ್ಮಿ ಓಡಾಡುವ ತಾಲ್ಲೂಕುಗಳ ಜೊತೆ ಹೋಲಿಸಬೇಕು, ಮೊದಲು ಮತ್ತು ಆಮೇಲೆ. ಜೊತೆಗೆ ಹೆಂಗಸರನ್ನೇ ಕೂರಿಸಿ ಕೇಳಬೇಕು. ಆದರೆ ಕೇಳಿದಾಗ ಜನ ಎಷ್ಟೋ ಸಲ ಕೇಳುವವರಿಗೆ ಇಷ್ಟವಾಗುವ ಉತ್ತರ ಕೊಡುತ್ತಾರೆ. ಕಲ್ಲಾಗಲಿ ಎಲೆಕ್ಟ್ರಾನಾಗಲಿ ಹಾಗೆ ಮಾಡುವುದಿಲ್ಲ. ಇಷ್ಟೆಲ್ಲ ಎಚ್ಚರ ವಹಿಸಿ, ಇನ್ನೊಬ್ಬರು ಪರೀಕ್ಷಿಸುವಂತೆ ಲೆಕ್ಕ ತೆರೆದಿಟ್ಟರೆ ನಾನು ಅದನ್ನು ವಿಜ್ಞಾನ ಎನ್ನುತ್ತೇನೆ. ಹಾಗೆ ಮಾಡದವರೂ ಈ ಕ್ಷೇತ್ರದಲ್ಲಿ ಸಾಕಷ್ಟಿದ್ದಾರೆ, ಅದನ್ನೇಕೆ ಮುಚ್ಚಿಡಲಿ.

ಈಗ ನಿಮ್ಮ ಮಗಳ ವಿಷಯ. ಪಿಸಿಎಂಬಿ ಓದಿದ್ದು ದಂಡವಲ್ಲ. ಗಣಿತ ಬರುತ್ತದೆ ಅಂದರೆ ಅರ್ಥಶಾಸ್ತ್ರಕ್ಕೆ ದೊಡ್ಡ ಬಂಡವಾಳ, ಉಳಿದವುಗಳಲ್ಲೂ ಸಂಖ್ಯಾಶಾಸ್ತ್ರ ಅವಳಿಗೆ ಸುಲಭವಾಗುತ್ತದೆ. ಆದರೆ ಯಾವ ಕೆಲಸ ಅವಳಿಗೆ ಹಿಡಿಸುತ್ತದೆ? ಒಂದು ಬೆಳಿಗ್ಗೆ ಕೆ.ಆರ್. ಮಾರ್ಕೆಟ್ಟಿಗೆ ಕಳಿಸಿ. ಹೂವಿನ ಬೆಲೆ ಗಂಟೆಗಂಟೆಗೆ ಹೇಗೆ ಇಳಿಯಿತು ಎಂದು ಬರೆದುಕೊಂಡು ಬಂದರೆ ಅರ್ಥಶಾಸ್ತ್ರ ನೋಡಲಿ. ಹೂ ಕಟ್ಟುವವರ ಪಕ್ಕ ಕೂತು ಅವರ ಊರು, ಮನೆ, ಸಾಲದ ಮಾತು ಕೇಳುತ್ತಾ ಮಧ್ಯಾಹ್ನ ಮಾಡಿಕೊಂಡರೆ ಸಮಾಜಶಾಸ್ತ್ರ ಅಥವಾ ಮಾನವಶಾಸ್ತ್ರ. ಯಾರಿಗೆ ಯಾವ ಜಾಗ, ವಸೂಲಿ ಯಾರದು, ಪೊಲೀಸರು ಯಾರ ಮಾತು ಕೇಳುತ್ತಾರೆ ಎಂಬುದರ ಮೇಲೆ ಕಣ್ಣಿದ್ದರೆ ರಾಜ್ಯಶಾಸ್ತ್ರ. ಗದ್ದಲಕ್ಕೆ ತಲೆನೋವು ಬಂದು ವಾಪಸ್ ಬಂದರೂ ಚಿಂತೆಯಿಲ್ಲ. ದಾಖಲೆಗಳ ನಡುವೆ ಕೂರುವ ಇತಿಹಾಸ ಇದೆ, ರಾಜ್ಯ ಪತ್ರಾಗಾರ ವಿಧಾನಸೌಧದಲ್ಲೇ ಇದೆ.

ಕೆಲಸದ ಬಗ್ಗೆ ನೇರವಾಗಿ ಹೇಳುತ್ತೇನೆ. ಬರೀ ಬಿಎಯಿಂದ ಒಳ್ಳೆಯ ಕೆಲಸ ಸಿಗುವುದು ಕಷ್ಟ. ಎಂಎ ಆಗಬೇಕು, ಅದರ ಜೊತೆ ಸಂಖ್ಯಾಶಾಸ್ತ್ರವೋ ಸಮೀಕ್ಷೆಯ ಅನುಭವವೋ ಇರಬೇಕು. ಆಗ ಸಂಶೋಧನಾ ಸಂಸ್ಥೆ, ಸ್ವಯಂಸೇವಾ ಸಂಸ್ಥೆ, ಪತ್ರಿಕೆ, ಕಂಪನಿಗಳ ಗ್ರಾಹಕ ಸಂಶೋಧನೆ, ಅಧ್ಯಾಪನ, ಹೀಗೆ ದಾರಿಗಳಿವೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಐಚ್ಛಿಕ ವಿಷಯಗಳಲ್ಲಿ ಇವೆಲ್ಲ ಇವೆ ನಿಜ. ಅದೊಂದನ್ನೇ ನಂಬಿ ಸೇರುವುದು ಬೇಡ. 'ಅಂಕ ಬರದವರು' ಎನ್ನುವ ಮಾತಿಗೆ ಉತ್ತರವಾಗಿ ಅಪ್ಪನಿಗೆ ಅರ್ಥಶಾಸ್ತ್ರದ ಎಂಎ ಪ್ರಶ್ನೆಪತ್ರಿಕೆ ಒಂದನ್ನು ತಂದು ತೋರಿಸಿ.

ಕಾಲೇಜು ಆರಿಸುವಾಗ ಕಟ್ಟಡ, ಹೆಸರು ನೋಡಬೇಡಿ. ಅರ್ಜಿ ಹಾಕುವ ಮುಂಚೆ ಅಮ್ಮ, ಮಗಳು ಇಬ್ಬರೂ ಹೋಗಿ ಅಲ್ಲಿನ ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಮಾತಾಡಿಸಿ. ಸಂಖ್ಯಾಶಾಸ್ತ್ರ ಅಥವಾ ಸಂಶೋಧನಾ ವಿಧಾನದ ಪಾಠ ಇದೆಯಾ? ಹೊರಗೆ ಹೋಗಿ ಜನರನ್ನು ಮಾತಾಡಿಸಿ ವರದಿ ಬರೆಸಿದ್ದಾರಾ? 'ಹಾಗೇನಿಲ್ಲ ಆಂಟಿ, ಗೈಡ್ ಓದಿದ್ರೆ ಪಾಸಾಗ್ಬೋದು' ಎಂದರೆ ಬೇರೆ ಕಾಲೇಜು ನೋಡಿ.